‘ಕಿಂಕರ್ತವ್ಯಮೂಢ’: ನಮ್ಮ ಮನ್ಯಾಗ ಒಂದು ಶಬ್ದ ಮಾಡಿದ ಗಾಯದ ಪ್ರಕರಣ

ಒಂದು ಶಬ್ದಕ್ಕ ಇಷ್ಟು ಉದ್ದ ಬರೀತಾರೇನು ಅನ್ನಬಹುದು ನೀವು, ಆದ್ರ ಈ ಒಂದು ಶಬ್ದದ ಸಲುವಾಗಿ ನಮ್ಮ ದೊಡ್ಡ ಮಾಮಾ ನಾಲ್ಕು ತಿಂಗಳು ಮನಿ ಮಂದಿ ಕೂಡ ಮಾತು ಬಿಟ್ಟಿದ್ದ, ಶ್ರಾವಣದಾಗ ಕರೆಯಾಕ ಹೋದ್ರ ಬಾಗಲದಾಗ ನಿಂತು "ಮೂಢನ್ನ ಕರದು ಏನ್ ಮಾಡ್ತೀರಿ" ಅಂದು ಒಳಗ ಹೋಗಿಬಿಟ್ಟಿದ್ದ. ಶಬ್ದ ಯಾವುದು ಅಂದ್ರ ಕಿಂಕರ್ತವ್ಯಮೂಢ. ಪೇಪರ್‌ನ್ಯಾಗ, ಭಾಷಣದಾಗ, ಹಳೇ ಕಾದಂಬರ್ಯಾಗ ಎಲ್ಲಾ ಕಡೆ ಬರೋ ಶಬ್ದ. ನಾನು ಗದಗ ಜಿಲ್ಲಾದ ಒಂದು ಹೈಸ್ಕೂಲ್‌ನ್ಯಾಗ ಕನ್ನಡ ಕಲಸ್ತೀನಿ, ಧಾರವಾಡದಾಗ ಎಂ.ಎ. ಮಾಡುವಾಗ ಸಂಸ್ಕೃತನೂ ಒಂದಿಷ್ಟು ಓದೀನಿ, ಮತ್ತ ಆ ಶಬ್ದ ಇದ್ದ ಪ್ರೂಫ್ ನನ್ನ ಕೈಯಾಗಿಂದನ ಹಾದು ಪ್ರೆಸ್ಸಿಗೆ ಹೋಗೈತಿ. ಅದಕ್ಕ ಇದನ್ನ ಮೊದಲಿಂದ ಕಡೀತನಕ ಬರೆದಿಡಬೇಕು ಅನಿಸ್ತು. ಮಾಮಾನ ಒಪ್ಪಿಗಿ ತಗೊಂಡೇ ಬರಿಯಾಕತ್ತೀನಿ, ಊರು ಹೆಸರು ಮಾತ್ರ ಬಿಟ್ಟೀನಿ.

ಹೊಳಿ ಬಂದ ರಾತ್ರಿ

ಊರು ರೋಣ ತಾಲೂಕಿನ್ಯಾಗ, ಮಲಪ್ರಭಾ ದಂಡಿಗೆ. ಬ್ಯಾಸಿಗ್ಯಾಗ ಈ ಹೊಳ್ಯಾಗ ನಡಕೊಂತ ಆ ದಂಡಿಗೆ ಹೋಗಬಹುದು, ಮಂಡಿ ಸೈತ ತೊಯ್ಯಂಗಿಲ್ಲ. ಆದ್ರ ಮ್ಯಾಲೆ ಸವದತ್ತಿ ಕಡೆ ನವಿಲುತೀರ್ಥ ಡ್ಯಾಂ ಐತಿ, ಅದು ಹಿಡಿಯೂದು 37 ಟಿಎಂಸಿ ಚಿಲ್ಲರೆ, ಅದು ತುಂಬಿ ಗೇಟ್ ತೆಗೆದ್ರಂದ್ರ ಕೆಳಗ ನರಗುಂದ, ರೋಣ, ಬಾದಾಮಿ ತಾಲೂಕಿನ ಹೊಳಿದಂಡಿ ಊರಿಗೆಲ್ಲಾ ನೀರು, ಮ್ಯಾಲೆ ಹುಬ್ಬಳ್ಳಿ ಕಡಿಂದ ಬೆಣ್ಣಿಹಳ್ಳನೂ ಬಂದು ಅದ ಹೊಳಿ ಕೂಡತೈತಿ. 2019ರ ಆಗಸ್ಟ್‌ನ್ಯಾಗ ಎರಡೂ ಒಮ್ಮೆ ಬಂದ್ವು. ಕೊಣ್ಣೂರ ಹತ್ರ ಹುಬ್ಬಳ್ಳಿ-ವಿಜಯಪುರ ಹೈವೇ ಬಂದ್ ಆಗಿತ್ತು, ನಾನು ಧಾರವಾಡದಾಗ ಸಿಕ್ಕೊಂಡಿದ್ದೆ, ಫೋನ್ ಹತ್ತೂದು ಹೋಗೂದು ನಡದಿತ್ತು. ಹಿಂಗಾಗಿ ಆ ರಾತ್ರಿದು ನಾನು ಕಣ್ಣಿಲೆ ನೋಡಿದ್ದಲ್ಲ, ಇಬ್ಬರೂ ಮಾಮಾಗೋಳು ಮತ್ತ ಓಣಿಯವರು ಹೇಳಿದ್ದನ್ನ ಕೂಡಿಸಿ ಬರಿಯಾಕತ್ತೀನಿ.

ಮನಿ ಮ್ಯಾಲಿನ ಓಣ್ಯಾಗ, ಕೊಟಗಿ ಕೆಳಗಿನ ಓಣ್ಯಾಗ. ನಡುವ ಒಂದು ಇನ್ನೂರು ಹೆಜ್ಜಿ. ಮನ್ಯಾಗ ಆಯಿ, ಅಂದ್ರ ಮಾಮಾಗೋಳ ಅವ್ವ, ನನ್ನ ಅಜ್ಜಿ, ಆಗ ಆಕಿಗೆ ಎಂಬತ್ತು ದಾಟಿತ್ತು, ಹೊರಗ ಮೈಕ್‌ನ್ಯಾಗ ಎಲ್ಲಾರೂ ಎತ್ತರದ ಜಾಗಕ್ಕ ನಡೀರಿ ಅಂತ ಒದರಾಕತ್ರೂ ಆಕಿ ದ್ಯಾವರ ದೀಪ ಉರಿಯೂತನಕ ನಾ ಎದ್ದೇಳಂಗಿಲ್ಲ ಅಂತ ಜಗಲಿ ಮುಂದ ಕುಂತಿದ್ಲು. ಕೊಟಗ್ಯಾಗ ಎರಡು ಎತ್ತು, ಗ್ವಾದಲಿಗೆ ಕಟ್ಟಿದ್ವು, ಕೆಳಗಿನ ಓಣಿ ಮೊದಲು ಮುಳಗೂದು. ದೊಡ್ಡ ಮಾಮಾ ಎಲ್ಲಿದ್ದ ಅಂದ್ರ ಎರಡೂ ಓಣಿ ಕೂಡೂ ಜಾಗಾದಾಗ, ಕೈಯಾಗ ಒಂದು ಸುತ್ತು ಹಗ್ಗ, ನೀರು ಪಿಂಡರಿತನಕ ಬಂದಿತ್ತು, ಕರೆಂಟ್ ಇರಲಿಲ್ಲ. ಮ್ಯಾಲಿಂದ ಆಯಿ ಕೆಮ್ಮೂದು ಕೇಳ್ತಿತ್ತಂತ, ಕೆಳಗಿಂದ ಎತ್ತು ಒದರೂದು ಕೇಳ್ತಿತ್ತಂತ.

ಅವ ಅಲ್ಲೇ ನಿಂತ. ಎಷ್ಟೊತ್ತು ಅನ್ನೂದಕ್ಕ ಒಬ್ಬೊಬ್ಬರದು ಒಂದೊಂದು ಮಾತು. ಸಣ್ಣ ಮಾಮಾ ಹತ್ತು ನಿಮಿಷ ಅಂತಾನ, ಓಣಿ ಮಂದಿ ಕಾಲು ತಾಸು ಅಂತಾರ, ದೊಡ್ಡ ಮಾಮಾ ತಾನ ಹೇಳೂದು "ಒಂದು ಎಲಿ ಮಡಚಿ ಬಾಯಾಗ ಇಟ್ಕೊಳ್ಳೂವಷ್ಟು". ಕಡೀಕ ಸಣ್ಣ ಮಾಮಾ ಟ್ರ್ಯಾಕ್ಟರ್ ಬಿಟ್ಟು ಓಡಿ ಬಂದು ದೀಪಾ ಆರಿಸಿ ಆಯಿನ್ನ ಹೆಗಲ ಮ್ಯಾಲೆ ಹೊತ್ಕೊಂಡು ಹೋದ, ಅದನ್ನ ನೋಡಿದ ಮ್ಯಾಲೆ ದೊಡ್ಡ ಮಾಮಾ ಕೊಟಗಿಗೆ ಓಡಿದ. ಒಂದು ಎತ್ತು ಬಿಚ್ಚಿದ. ಇನ್ನೊಂದರ ಕಣ್ಣಿ ನೀರಾಗ ತೊಯ್ದು ಗಂಟು ಬಿಗಿದು ಕಲ್ಲಾಗಿತ್ತು, ಕೈಯಾಗ ಕುಡಗೋಲು ಇರಲಿಲ್ಲ, ಹಲ್ಲಿಲೆ ಕಡದ, ಆಗಲಿಲ್ಲ. ನೀರು ಎದಿಮಟ ಬಂದಾಗ ಬಿಟ್ಟು ಬಂದ.

ಆ ಎತ್ತಿನ ಮಾತು ಐದು ವರ್ಷ ನಮ್ಮ ಮನ್ಯಾಗ ಯಾರೂ ಎತ್ತಿರಲಿಲ್ಲ. ಅದು ಇಲ್ಲಿ ಗೊತ್ತಿರಬೇಕು, ಯಾಕಂದ್ರ ಮುಂದ ಅಚ್ಚಾಗಿ ಬಂದ ಸಾಲು ಬಡದಿದ್ದು ಸರಿಯಾಗಿ ಅದ ಜಾಗಾಕ್ಕ.

ಪುಸ್ತಕದಾಗಿನ ಸಾಲು

ಆಯಿ 2023ರಾಗ ತೀರಕೊಂಡ್ಲು. ವರ್ಷದ ಪುಣ್ಯಸ್ಮರಣಿಗೆ ಒಂದು ಸಣ್ಣ ಪುಸ್ತಕ ತರೂದು ಅಂತ ಆತು, 32 ಪುಟ, 200 ಪ್ರತಿ. ಗದಗಕ್ಕ ಮುದ್ರಣ ಕಾಶಿ ಅಂತ ಹೆಸರು ಐತಲ್ಲ, ಅಲ್ಲೇ ಅಚ್ಚು ಹಾಕಿಸಿದ್ವಿ. ಬರೆದವರು ಆಯಿಯ ತಮ್ಮ, ನಾವೆಲ್ಲಾ ಮಾಸ್ತರ ಅಜ್ಜ ಅಂತೀವಿ, ಹಳೇ ಕಾಲದ ಮಾಸ್ತರು, ಕನ್ನಡ ಅಂದ್ರ ಹಳಗನ್ನಡ ಸಂಸ್ಕೃತ ಎಲ್ಲಾ ಕೂಡಿಸಿ ಕಟ್ಟಿದ್ದು ಇರಬೇಕು ಅನ್ನೋರು. ಅಕ್ಕನ ಮ್ಯಾಲಿನ ಪ್ರೀತಿಯಿಂದ ಬರೆದದ್ದು, ಅದರಾಗ ಎರಡು ಮಾತಿಲ್ಲ. ಪ್ರವಾಹದ ಬಗ್ಗೆ ಒಂದು ಪ್ಯಾರಾ ಇತ್ತು, ಅದರಾಗ ಈ ಸಾಲು: "ಜ್ಯೇಷ್ಠ ಪುತ್ರನು ಕಿಂಕರ್ತವ್ಯಮೂಢನಾಗಿ ನಿಂತಿರಲು ಕನಿಷ್ಠ ಪುತ್ರನು ತಾಯಿಯನ್ನು ಸ್ಕಂಧಾರೂಢಳನ್ನಾಗಿಸಿ ಪಾರುಗಾಣಿಸಿದನು."

ನಾನು ಪ್ರೂಫ್ ನೋಡಿದೆ. ದೀರ್ಘ, ಒತ್ತಕ್ಷರ, ಕಾಮಾ ಎಲ್ಲಾ ತಿದ್ದಿದೆ, ಈ ಸಾಲಿನ್ಯಾಗ ‘ಸ್ಕಂಧ’ಕ್ಕ ಮಹಾಪ್ರಾಣ ಬಿಟ್ಟಿತ್ತು, ಅದನ್ನೂ ಹಾಕಿದೆ. ಅದ ಸಾಲಿನ್ಯಾಗಿನ ಕಿಂಕರ್ತವ್ಯಮೂಢದ ಮ್ಯಾಲೆ ನನ್ನ ಕಣ್ಣು ನಿಲ್ಲಲಿಲ್ಲ. ನನಗ ಅದು ಏನು ಮಾಡಬೇಕಂತ ತಿಳೀದ ನಿಂತಾಂವ ಅಂತ ತಾನ ಅರ್ಥ ಆಗಿಬಿಡ್ತು, ಇನ್ನೊಬ್ಬರಿಗೆ ಹೆಂಗ ಕಾಣತೈತಿ ಅಂತ ವಿಚಾರ ಮಾಡಲಿಲ್ಲ. ಇಡೀ ಪ್ರಕರಣದಾಗ ತಪ್ಪು ಎಲ್ಲಿ ಅಂತ ಕೇಳಿದ್ರ ನಾ ಇಲ್ಲೇ ಬಟ್ಟು ಇಡ್ತೀನಿ.

ದೊಡ್ಡ ಮಾಮಾ ಏಳನೇತ್ತಾತನಕ ಕಲ್ತಾಂವ. ಪೇಪರ್ ದಿನಾ ಓದತಾನ. ಆ ಶಬ್ದದಾಗ ಅವಗ ಗುರ್ತು ಸಿಕ್ಕಿದ್ದು ಎರಡು ತುಂಡು ಅಷ್ಟ, ‘ಕರ್ತವ್ಯ’ ಮತ್ತ ‘ಮೂಢ’. ಕರ್ತವ್ಯದಾಗ ಮೂಢ. ಮಗನ ಕರ್ತವ್ಯ ಗೊತ್ತಿಲ್ಲದ ದಡ್ಡ. ನಮ್ಮ ಕನ್ನಡದಾಗ ಮೂಢ ಅಂದ್ರ ಇನ್ನೇನು ಐತಿ ಹೇಳ್ರಿ, ಮೂಢನಂಬಿಕಿ, ಮೂಢಜನ, ಎಲ್ಲಾ ಬೈಗುಳದ ಸುತ್ತಾನ. ಪೂಜಿ ಮುಗಿದು ಪಂಕ್ತಿ ಕುಂತಿತ್ತು, ಅವ ಆ ಪುಟ ಮಡಚಿ ಬಕ್ಕಣದಾಗ ಇಟ್ಕೊಂಡ, ಊಟಾ ಬಿಟ್ಟು ಎದ್ದು ಹೋದ. ಆವತ್ತು ನಮಗ ಕಾರಣ ತಿಳೀಲಿಲ್ಲ. ತಿಳಿದದ್ದು ಹದಿನೈದು ದಿನ ಆದಮ್ಯಾಲೆ, ಮಾಮಿ ಫೋನ್ ಹಚ್ಚಿ "ಅವರು ಆ ಹಾಳಿ ತಗದು ತಗದು ನೋಡ್ತಾರಪಾ, ರಾತ್ರಿ ನಿದ್ದಿ ಇಲ್ಲ" ಅಂದಾಗ.

ಸಣ್ಣ ಮಾಮಾ ಹೋಗಿ ನಾ ಬರೆಸಿದ್ದಲ್ಲ ಅಣ್ಣಾ ಅಂದ, ಕೇಳಲಿಲ್ಲ. ಮಾಸ್ತರ ಅಜ್ಜ ಇದರಾಗ ಬೈದದ್ದೇನೈತಿ, ಡಿಕ್ಷನರಿ ನೋಡಿಕೊಳ್ಳಲಿ ಅಂದ್ರು, ಅವರಿಗೂ ನೋವಾಗಿತ್ತು. ನಾ ಫೋನ್‌ನ್ಯಾಗ ಅದು ಬೈಗುಳ ಅಲ್ಲ ಮಾಮಾ, ಅರ್ಥ ಬ್ಯಾರೆ ಐತಿ ಅಂದೆ. ಅವ ಕೇಳಿದ್ದು ಒಂದ ಮಾತು: "ಅದರಾಗ ಮೂಢ ಅಂತ ಐತೋ ಇಲ್ಲೋ?" ಐತಿ ಅಂದೆ. ಫೋನ್ ಇಟ್ಟ.

ಆ ‘ಐತಿ’ ಅನ್ನೂದನ್ನ ದಾಟಿ ಹೆಂಗ ಹೋಗೂದು ಅನ್ನೂದ ಮುಂದಿನ ಮೂರು ತಿಂಗಳ ಕಥಿ.

ಶಬ್ದ ಬಿಚ್ಚಿ ಇಟ್ಟಾಗ

ಮೊದಲು ನನ್ನ ಸಲುವಾಗಿ ನಾನ ಕುಂತು ಬಿಚ್ಚಿದೆ. ಕಿಂ, ಕರ್ತವ್ಯ, ಮೂಢ. ಒಮ್ಮೊಮ್ಮೆ ನಡುವ ‘ವಿ’ ಸೇರಿ ಕಿಂಕರ್ತವ್ಯವಿಮೂಢ ಆಗತೈತಿ, ಒಮ್ಮೊಮ್ಮೆ ‘ತಾ’ ಸೇರಿ ಕಿಂಕರ್ತವ್ಯತಾಮೂಢ.

ಕಿಂ ಅಂದ್ರ ಏನು ಅನ್ನೋ ಪ್ರಶ್ನೆ. ಈ ಪ್ರಶ್ನೆ ಹೊಟ್ಟ್ಯಾಗ ಇಟ್ಕೊಂಡ ಶಬ್ದ ಕನ್ನಡದಾಗ ಇನ್ನೂ ಅದಾವು. ಕಿಂವದಂತಿ ಅಂದ್ರ ಏನಂತಾರ ಮಂದಿ, ಅದ ಗಾಳಿಸುದ್ದಿ ಆತು. ಕಿಂಕರ ಅಂದ್ರ ಏನ್ ಮಾಡ್ಲಿ ಅಂತ ಒಡೆಯನ ಮುಂದ ಕೈಕಟ್ಟಿ ನಿಂತಾಂವ, ಅದ ಆಳು ಆತು, ಯಮಕಿಂಕರನೂ ಅಂವನ. ಇಲ್ಲಿ ನೋಡ್ರಿ, ಕಿಂಕರನೂ ಕೇಳೂದು ಏನ್ ಮಾಡ್ಲಿ, ಕಿಂಕರ್ತವ್ಯಮೂಢನೂ ಕೇಳೂದು ಏನ್ ಮಾಡ್ಲಿ. ಕಿಂಕರಗ ಹೇಳಾಕ ಒಬ್ಬ ಇದ್ದಾನ. ಇವಗ ಯಾರೂ ಇಲ್ಲ, ತನಗ ತಾನ ಕೇಳ್ಕೊಂಡು ತಾನ ಉತ್ತರ ಹುಡುಕಬೇಕು, ಆ ಉತ್ತರ ಸಿಗವಲ್ದು. ಆ ರಾತ್ರಿ ಎರಡು ಓಣಿ ಕೂಡೂ ಜಾಗಾದಾಗ ಮಾಮಾಗ ಹೇಳೋರು ಯಾರಿದ್ರು?

ಕರ್ತವ್ಯ ಅಂದ್ರ ನಾವು ಡ್ಯೂಟಿ ಅಂತ ತಿಳ್ಕೊಂಡೀವಿ, ಮಗನ ಕರ್ತವ್ಯ, ಪೊಲೀಸರ ಕರ್ತವ್ಯ. ಆದ್ರ ಅದು ಕೃ ಅನ್ನೋ ಧಾತುವಿಗೆ ತವ್ಯ ಸೇರಿದ್ದು, ಮಾಡಬೇಕಾದ್ದು ಅಂತ ಅಷ್ಟ ಅರ್ಥ. ಗಂತವ್ಯ ಅಂದ್ರ ಹೋಗಬೇಕಾದ್ದು, ವಕ್ತವ್ಯ ಅಂದ್ರ ಹೇಳಬೇಕಾದ್ದು, ಹಂಗ. ಅಂದಮ್ಯಾಲೆ ಕಿಂಕರ್ತವ್ಯ ಅಂದ್ರ ಒಂದು ಇಡೀ ವಾಕ್ಯ, ಏನು ಮಾಡಬೇಕು? ಅದಕ್ಕ ತಾ ಸೇರಿಸಿದ್ರ ಆ ಪ್ರಶ್ನೆ ಎದ್ದ ಪರಿಸ್ಥಿತಿ. ಮೋನಿಯರ್ ವಿಲಿಯಮ್ಸರ 1899ರ ಸಂಸ್ಕೃತ ಕೋಶದಾಗ ಕಿಂಕರ್ತವ್ಯತಾ ಅನ್ನೂದಕ್ಕ ಹೆಚ್ಚುಕಮ್ಮಿ ಹಿಂಗ ಕೊಟ್ಟಾರ, ಏನು ಮಾಡಬೇಕು ಅಂತ ಮನುಷ್ಯ ತನ್ನನ್ನ ತಾನ ಕೇಳ್ಕೊಳ್ಳೋ ಸಂದರ್ಭ ಅಂತ. ಅಲ್ಲಿ ಆ ಮನುಷ್ಯ ಶಾಣ್ಯಾನೋ ದಡ್ಡನೋ ಅನ್ನೋ ಮಾತ ಇಲ್ಲ.

ಇನ್ನ ಮೂಢ. ಜೀವ ಹಿಂಡಿದ್ದು ಇದ.

ಧಾತು ಮುಹ್. ಸಂಸ್ಕೃತ ಧಾತುಗಳ ಹಳೇ ಪಟ್ಟಿ ಧಾತುಪಾಠದಾಗ ಇದಕ್ಕ ‘ಮುಹ ವೈಚಿತ್ತ್ಯೇ’ ಅಂತ ಅರ್ಥ ಕೊಟ್ಟೈತಿ, ಅಂದ್ರ ಚಿತ್ತ ಜಾಗಾ ಬಿಟ್ಟು ಹೋಗೂದು, ಕಲಕೂದು. ಮೋಹ ಬಂದದ್ದು ಇದರಿಂದ. ಮುಹ್‌ಗೆ ತ ಸೇರಿದ್ರ ಹಕಾರ ಢ ಆಗಿ, ಹಿಂದಿನ ಉಕಾರ ಉದ್ದಾಗಿ ಮೂಢ ಆಗತೈತಿ. ಗುಹ್‌ನಿಂದ ಗೂಢ, ರುಹ್‌ನಿಂದ ರೂಢ ಆದಂಗ. ನಮ್ಮ ಹುಬ್ಬಳ್ಳಿ ಸಿದ್ಧಾರೂಢರ ಹೆಸರಿನ್ಯಾಗಿನ ಆರೂಢ ಇದ ರೀತಿ ಆದದ್ದು, ಏರಿ ನಿಂತಾಂವ ಅಂತ. (ಮಾಸ್ತರ ಅಜ್ಜನ ಸಾಲಿನ್ಯಾಗನ ಎರಡೂ ಅದಾವು ನೋಡ್ರಿ, ಒಬ್ಬ ಮಗ ಮೂಢ, ಹೆಗಲ ಏರಿದ ಆಯಿ ಆರೂಢ.) ಆದ್ರ ಮುಹ್‌ದ್ದು ಒಂದು ವಿಶೇಷ ಐತಿ. ಸಂಸ್ಕೃತ ವ್ಯಾಕರಣ ಬರೆದ ಪಾಣಿನಿ ಎಂಟನೇ ಅಧ್ಯಾಯದಾಗ ಒಂದು ಸೂತ್ರ ಮಾಡಿ, 8.2.33, ದ್ರುಹ ಮುಹ ಮುಂತಾದ ನಾಲ್ಕು ಧಾತುವಿಗೆ ಹಕಾರಕ್ಕ ಢ ಆದ್ರೂ ಆಗಬಹುದು, ಘ ಆದ್ರೂ ಆಗಬಹುದು ಅಂತಾನ. ಢ ಆದ್ರ ಮೂಢ. ಘ ಆದ್ರ ಮುಗ್ಧ.

ಮೂಢ, ಮುಗ್ಧ, ಒಂದ ಧಾತು, ಒಂದ ಪ್ರತ್ಯಯ, ಅಕ್ಕತಂಗಿ ಸೈತ ಅಲ್ಲ, ಒಂದ ಮುಖದ ಎರಡು ಉಚ್ಚಾರ. ಕನ್ನಡದಾಗ ನಾವು ಒಂದಕ್ಕ ಹೂವು ಹಾಕೀವಿ, ಒಂದಕ್ಕ ಕಲ್ಲು ಒಗದೀವಿ. ಎಂ.ಎ. ಓದುವಾಗ ಇದನ್ನ ನಾನು ಪರೀಕ್ಷಾಕ್ಕ ಬಾಯಿಪಾಠ ಮಾಡಿದ್ದೆ. ಇದರಿಂದ ಒಬ್ಬ ಮನುಷ್ಯಾನ ನಿದ್ದಿ ತಿರಿಗಿ ಕೊಡಬಹುದು ಅಂತ ಆವಾಗ ಯಾರು ವಿಚಾರ ಮಾಡಿದ್ರು.

ಇನ್ನೂ ನೋಡಿಕೊಂತ ಹೋದೆ. ದಿಙ್ಮೂಢ ಅಂತೀವಿ, ದಿಕ್ಕು ತಪ್ಪಿದಾಂವ, ಅವನ್ನ ಯಾರೂ ದಡ್ಡ ಅನ್ನಂಗಿಲ್ಲ, ಕತ್ತಲಿ ಅಡವ್ಯಾಗ ಎಂಥಾ ಶಾಣ್ಯಾಗೂ ದಿಕ್ಕು ತಪ್ಪತೈತಿ. ಪಂಚಾಂಗದಾಗ ಶುಕ್ರ ಮೌಢ್ಯ, ಗುರು ಮೌಢ್ಯ ಅಂತ ಬರೀತಾರಲ್ಲ, ಆವಾಗ ಮದುವಿ ಮುಂಜಿವಿ ಇಡಂಗಿಲ್ಲ, ಅಲ್ಲಿ ಶುಕ್ರ ಸೂರ್ಯನ ಬೆಳಕಿನ ಸನೇಕ ಹೋಗಿ ಕಣ್ಣಿಗೆ ಕಾಣವಲ್ದ ಆಗಿರ್ತಾನ ಅಷ್ಟ, ಕೆಲವು ದಿನ ಆದಮ್ಯಾಲೆ ಮತ್ತ ಹೊರಗ ಬರ್ತಾನ. ಯೋಗಸೂತ್ರದ ವ್ಯಾಸಭಾಷ್ಯದಾಗ ಚಿತ್ತಕ್ಕ ಐದು ಭೂಮಿ ಹೇಳ್ಯಾರ, ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ. ಅಲ್ಲಿ ಮೂಢ ಅನ್ನೂದು ಚಿತ್ತದ ಒಂದು ದಶೆ, ಮನುಷ್ಯಾನ ಹಣಿಗೆ ಹಚ್ಚಿದ ಚೀಟಿ ಅಲ್ಲ. ಗೀತಾದಾಗ ಅರ್ಜುನ ತನ್ನ ಬಾಯಿಲೆ ತಾನ ‘ಧರ್ಮಸಮ್ಮೂಢಚೇತಾಃ’ ಅಂತಾನ, ಎರಡನೇ ಅಧ್ಯಾಯ ಏಳನೇ ಶ್ಲೋಕ, ಯಾವುದು ಧರ್ಮ ಅಂತ ಮನಸ್ಸು ಕಂಗೆಟ್ಟೈತಿ, ನೀ ಹೇಳು ಅಂತ ಕೇಳ್ತಾನ. ಮುಂದ ನಾಲ್ಕನೇ ಅಧ್ಯಾಯದಾಗ ಕೃಷ್ಣನ ‘ಕಿಂ ಕರ್ಮ ಕಿಮಕರ್ಮೇತಿ ಕವಯೋಽಪ್ಯತ್ರ ಮೋಹಿತಾಃ’ ಅಂತಾನ, ಯಾವುದು ಮಾಡೂದು ಯಾವುದು ಬಿಡೂದು ಅನ್ನೂದರಾಗ ತಿಳಿದವರೂ ಇಲ್ಲಿ ಮಂಕಾಗ್ಯಾರ. ಅದ ಕಿಂ, ಅದ ಕೃ, ಅದ ಮುಹ್, ಮೂರೂ ಒಂದ ಸಾಲಿನ್ಯಾಗ ಅದಾವು, ಮತ್ತ ಅಲ್ಲಿ ಕೂಡಿಸಿದ್ದು ದಡ್ಡರ ಜೋಡಿ ಅಲ್ಲ, ಕವಿಗಳ, ಅಂದ್ರ ತಿಳಿದವರ ಜೋಡಿ.

ಇಷ್ಟೆಲ್ಲಾ ಹಾಳಿ ಮ್ಯಾಲೆ ಬರ್ಕೊಂಡು ಊರಿಗೆ ಹೋದೆ. ಭಾದ್ರಪದ, ಗಣಪತಿ ಕಳಿಸಿ ಎರಡು ದಿನ ಆಗಿತ್ತು.

ಹೊಲದ ಬದುವಿನ ಮ್ಯಾಲೆ

ಮಾಮಾ ಹೊಲದಾಗ ಇದ್ದ. ಬದುವಿನ ಮ್ಯಾಲೆ ಕುಂತ್ವಿ. ನಾ ಪಾಣಿನಿಯಿಂದ ಸುರು ಮಾಡಿದೆ. ಅರ್ಜುನನ ಮಾತು ಹೇಳಿದೆ. ಅವ ಕಡ್ಡಿಲೆ ಮಣ್ಣು ಕೆದರಕೊಂತ ಕುಂತಿದ್ದ, "ಅರ್ಜುನ ದೊಡ್ಡಾಂವಪಾ, ಅವಗ ಕೃಷ್ಣ ಇದ್ದ" ಅಂದ. ಮುಗ್ಧ-ಮೂಢ ಹೇಳಿದೆ, ಸ್ವಲ್ಪ ಕಣ್ಣೆತ್ತಿ ನೋಡಿದ, ಮತ್ತ ಕೆಳಗ ನೋಡಿದ. ನನಗ ತಿಳೀತು, ಇದು ತಲಿಗೆ ಹೋಗಾಕತ್ತೈತಿ, ಎದಿಗೆ ಇಳಿಯವಲ್ದು.

ಆಮ್ಯಾಲೆ ಒಂದು ನೆನಪಾತು, ಹಾಳ್ಯಾಗ ಬರ್ಕೊಂಡಿರಲಿಲ್ಲ ಅದನ್ನ. ಸುಶ್ರುತ ಸಂಹಿತಾದಾಗ ಮೂಢಗರ್ಭ ಅಂತ ಒಂದು ಅಧ್ಯಾಯ ಐತಿ. ಹೊಟ್ಟ್ಯಾಗಿನ ಕೂಸು ಅಡ್ಡ ತಿರುಗಿ, ಹೊರಗ ಬರೋ ಹಾದಿ ಸಿಗದ ಸಿಕ್ಕೊಂಡ್ರ ಅದಕ್ಕ ಮೂಢಗರ್ಭ ಅಂತಾರ. ಅಷ್ಟ ಹೇಳಿದೆ. ಮಾಮಾನ ಕೈಯಾಗಿನ ಕಡ್ಡಿ ನಿಂತಿತು.

"ಕರಾ ಅಡ್ಡ ನಿಲ್ಲತೈತಲ್ಲ, ಹಂಗ?"

ಹಂಗ ಮಾಮಾ ಅಂದೆ.

ಅವ ತನ್ನ ಆಯುಷ್ಯದಾಗ ಎಷ್ಟು ಆಕಳ ಹೆರಿಗಿ ಮಾಡಿಸ್ಯಾನೋ. ಕರಾ ಅಡ್ಡ ಬಂದ್ರ ಮೊಣಕೈತನಕ ಎಣ್ಣಿ ಹಚ್ಕೊಂಡು ಒಳಗ ಕೈ ಹಾಕಿ, ಮುಂಗಾಲು ಎಲ್ಲೈತಿ ತಲಿ ಎಲ್ಲೈತಿ ಅಂತ ಬಟ್ಟಿಲೆ ಹುಡುಕಿ, ಹಿಂದಕ್ಕ ಒತ್ತಿ, ತಿರುವಿ, ಆಕಳಾ ತಿಣಕಿದಾಗ ಅದರ ಕೂಡ ಜಗ್ಗಿ ತೆಗೀತಾನ. "ಕರುವಿಂದೇನು ತಪ್ಪು ಅದರಾಗ" ಅಂದ, "ಅದಕ್ಕೂ ಹೊರಗ ಬರೂದ ಇರ್ತೈತಿ. ಹಾದಿ ಅಡ್ಡ ಆಗಿರ್ತೈತಿ ಅಷ್ಟ." ಭಾಳೊತ್ತು ಸುಮ್ಮನ ಕುಂತ. ಆಮ್ಯಾಲೆ ಐದು ವರ್ಷದಾಗ ಮೊದಲನೇ ಸರ್ತಿ ಆ ರಾತ್ರಿ ಮಾತು ತಾನ ತೆಗದ. ಹಸಿ ಗಂಟಿನ ಮಾತು, ಹಲ್ಲಿನ ಮಾತು, ನಾ ಮ್ಯಾಲೆ ಬರೆದೀನಲ್ಲ, ಅದೆಲ್ಲಾ ನನಗ ಗೊತ್ತಾದ್ದು ಆವತ್ತ.

ಹೇಳಿಕೊಂತ ಹೇಳಿಕೊಂತ ಒಂದು ಮಾತು ಅಂದ, ಅದನ್ನ ಅವನ ಬಾಯಾಗ ಇದ್ದಂಗ ಕೊಡ್ತೀನಿ, ಅದರಾಗ ಮಾವ ಅಂದದ್ದು ಮಾಸ್ತರ ಅಜ್ಜಗ. "ಆದ್ರೂ ಆ ಶಬ್ದ ತಪ್ಪ ಐತಿ ನೋಡು. ಏನ್ ಮಾಡಬೇಕಂತ ನನಗ ಗೊತ್ತಿರಲಿಲ್ಲ ಅಂತ ಬರೆದಾನ ಮಾವ. ಗೊತ್ತಿತ್ತಪಾ. ಅವ್ವನ್ನೂ ತರಬೇಕಿತ್ತು, ಎತ್ತೂ ಬಿಚ್ಚಬೇಕಿತ್ತು. ಎರಡೂ ಗೊತ್ತಿತ್ತು. ಯಾವ್ದು ಮೊದಲು, ಹೆಂಗ, ಅದು ತಿಳೀಲಿಲ್ಲ."

ನಾ ಸುಮ್ಮನ ಕುಂತಬಿಟ್ಟೆ, ಯಾಕಂದ್ರ ಅವ ಹೇಳಿದ್ದು ಖರೇನ ಇತ್ತು, ಮತ್ತ ಅದಕ್ಕ ಬ್ಯಾರೆ ಶಬ್ದ ಐತಿ. ಇತಿಕರ್ತವ್ಯತಾಮೂಢ. ಕನ್ನಡದಾಗ ನಾವು ಎರಡನ್ನೂ ಒಂದ ಅಂತ ಬಳಸ್ತೀವಿ, ಕಿಂಕರ್ತವ್ಯಮೂಢನೂ ಅದ, ಇತಿಕರ್ತವ್ಯತಾಮೂಢನೂ ಅದ, ಎರಡನೇದು ಸ್ವಲ್ಪ ಉದ್ದ ಅಂತ ಬಿಟ್ರ. ಆದ್ರ ಇತಿಕರ್ತವ್ಯತಾ ಮೀಮಾಂಸಾ ಶಾಸ್ತ್ರದ, ಅಂದ್ರ ವೇದದ ವಾಕ್ಯಕ್ಕ ಅರ್ಥ ತೀರ್ಮಾನ ಮಾಡೋ ಶಾಸ್ತ್ರದ, ಪಾರಿಭಾಷಿಕ ಶಬ್ದ. ವೇದ ಒಂದು ಕೆಲಸ ಮಾಡು ಅಂದಾಗ ಮೂರು ಪ್ರಶ್ನೆ ಏಳತಾವು ಅಂತಾರ ಮೀಮಾಂಸಕರು: ಏನನ್ನ ಸಾಧಿಸೂದು, ಯಾವುದರಿಂದ, ಹೆಂಗ. ಏನನ್ನ ಅಂದ್ರ ಸಾಧ್ಯ, ಯಾವುದರಿಂದ ಅಂದ್ರ ಸಾಧನ, ಹೆಂಗ ಅನ್ನೂದಕ್ಕ ಉತ್ತರ ಇತಿಕರ್ತವ್ಯತಾ, ಹಿಂಗ ಮಾಡಬೇಕು ಅನ್ನೋ ರೀತಿ. ಮಾಮಾಗ ಹೊಲದ ಮ್ಯಾಲೆ ಇಟ್ಟು ಹೇಳಿದೆ, ಜ್ವಾಳಾ ಬೆಳೀಬೇಕು ಅನ್ನೂದು ಸಾಧ್ಯ, ಬಿತ್ತಿಗಿ ಸಾಧನ, ಹರಗೂದು, ಬೀಜಕ್ಕ ಔಷಧ ಹಚ್ಚೂದು, ಹಸಿ ನೋಡಿ ಕೂರಿಗಿ ಹೂಡೂದು ಇದೆಲ್ಲಾ ಇತಿಕರ್ತವ್ಯತಾ. ಬೆಳೀಬೇಕು ಅನ್ನೂದು ಎಲ್ಲಾರಿಗೂ ಗೊತ್ತಿರ್ತೈತಿ, ತಪ್ಪೂದು ಮೂರನೇದರಾಗ.

ಯಾವುದು ಮೊದಲು ಅನ್ನೂದಕ್ಕ ಮೀಮಾಂಸಾ ಸೂತ್ರ ಬರೆದ ಜೈಮಿನಿ ತನ್ನ ಹನ್ನೆರಡು ಅಧ್ಯಾಯದಾಗ ಒಂದು ಇಡೀ ಅಧ್ಯಾಯ ಇಟ್ಟಾನ, ಐದನೇದು, ಕ್ರಮದ ಅಧ್ಯಾಯ. ಅದರಾಗಿನ ಹೆಸರಾದ ಉದಾಹರಣಿ ಒಂದೈತಿ, ‘ಅಗ್ನಿಹೋತ್ರಂ ಜುಹೋತಿ, ಯವಾಗೂಂ ಪಚತಿ’. ಅಗ್ನಿಹೋತ್ರ ಹೋಮ ಮಾಡ್ತಾನ, ಗಂಜಿ ಕಾಸ್ತಾನ. ಓದಿದ ಸಾಲಿನಂಗ ಹೋದ್ರ ಹೋಮ ಮೊದಲು, ಗಂಜಿ ಆಮ್ಯಾಲೆ. ಆದ್ರ ಹೋಮಕ್ಕ ಹಾಕೂದ ಆ ಗಂಜಿ, ಹಂಗಾಗಿ ಗಂಜಿ ಮೊದಲು ಕಾಸಬೇಕು, ಪಾಠದ ಕ್ರಮಕ್ಕಿಂತ ಅರ್ಥದ ಕ್ರಮ ದೊಡ್ಡದು ಅಂತ ತೀರ್ಮಾನ. ಇಷ್ಟು ಸಣ್ಣ ಮಾತಿಗೆ ಅಷ್ಟು ದೊಡ್ಡ ಪಂಡಿತರು ತಲಿ ಕೆಡಿಸ್ಕೊಂಡಾರ ಅಂದ್ರ, ಕತ್ತಲ್ಯಾಗ ನೀರಾಗ ನಿಂತ ಮನುಷ್ಯಾಗ ಯಾವ್ದು ಮೊದಲು ಅನ್ನೂದು ತಿಳೀದ್ದರಾಗ ನಾಚಿಕಿ ಏನೈತಿ. ಇದನ್ನ ನಾ ಮಾಮಾಗ ಹಿಂಗ ಹೇಳಿದೆ. ಅವ ಗಂಜಿ ಮಾತಿಗೆ ತಲಿ ಆಡಿಸಿದ. "ಮತ್ತ, ಕಾಸದ ಹೆಂಗ ಹಾಕ್ತಾನ" ಅಂದ.

ನಮ್ಮ ಮಂದಿ ಈ ಸ್ಥಿತಿಗೆ ಏನೇನು ಮಾತು ಮಾಡಿಟ್ಟಾರ ಅಂತ ಅಲ್ಲೇ ಕುಂತು ಎಣಿಸಿದ್ವಿ. ಕೈಕಾಲು ಆಡಲಿಲ್ಲ. ತಲಿ ಓಡಲಿಲ್ಲ. ದಿಕ್ಕು ತೋಚಲಿಲ್ಲ. ಗರಾ ಬಡಿದಂಗ ನಿಂತ. ಅತ್ತ ದರಿ ಇತ್ತ ಪುಲಿ. ಇವುಗಳಾಗ ಒಂದರಾಗೂ ಮನುಷ್ಯಾನ್ನ ಬೈದಿಲ್ಲ, ಆಡದ್ದು ಕೈಕಾಲು, ಓಡದ್ದು ತಲಿ, ತಪ್ಪು ಅಂವಂದಲ್ಲ. ಸಂಸ್ಕೃತದ ಶಬ್ದದಾಗೂ ಬೈಗುಳ ಇರಲಿಲ್ಲ, ಮೂಢಕ್ಕ ಹತ್ತಿದ ದಡ್ಡ ಅನ್ನೋ ಬಣ್ಣ ಅದರ ಮ್ಯಾಲೂ ಇಳಿದೈತಿ. ಅಂದಮ್ಯಾಲೆ ಮಾಮಾ ಓದಿದ್ದು ಪೂರಾ ತಪ್ಪು ಅಂತ ನಾ ಅನ್ನಂಗಿಲ್ಲ. ಇವತ್ತಿನ ಕನ್ನಡ ಓದಿಕೊಂಡವರಿಗೆ ಆ ಶಬ್ದ ಹಂಗ ಕಾಣೂದ. ಕೋಶ ನೋಡಿಕೊಳ್ಳಲಿ ಅನ್ನೂದು ಬರೆಯೋರ ಹೊಣಿ ಓದೋರ ತಲಿ ಮ್ಯಾಲೆ ಹಾಕಿದಂಗ, ಅದೂ ತಾಯಿ ಪುಣ್ಯಸ್ಮರಣಿ ಪುಸ್ತಕ ಕೈಯಾಗ ಹಿಡಿದ ಮಗನ ಮ್ಯಾಲೆ.

ಏನು ತಿದ್ದಿದ್ವಿ

ಮಾಸ್ತರ ಅಜ್ಜನ ಹತ್ರ ಹೋಗಿ ಮಾಮಾ ಹೇಳಿದ್ದನ್ನ ಹೇಳಿದೆ, ಗೊತ್ತಿತ್ತು, ಕ್ರಮ ತಿಳೀಲಿಲ್ಲ ಅಂದಾನ ಅಂತ. ಅವರು ಕನ್ನಡಕ ತೆಗೆದು ಧೋತರದ ಸೆರಗಿಲೆ ಒರಸಿ, ಮತ್ತ ಹಾಕ್ಕೊಂಡು, "ಹಂಗಾದ್ರ ನಾ ಬರೆದದ್ದು ಶಬ್ದದ ಲೆಕ್ಕಕ್ಕೂ ತಪ್ಪಾತು" ಅಂದ್ರು. ಆ ಮಾತು ಅವರಿಗೆ ಹಗರ ಆಗಿರಲಿಕ್ಕಿಲ್ಲ, ಐವತ್ತು ವರ್ಷ ಇನ್ನೊಬ್ಬರ ತಪ್ಪು ತಿದ್ದಿದ ಕೈ ಅದು. ಇತಿಕರ್ತವ್ಯತಾಮೂಢ ಅಂತ ಹಾಕೂಣೇನು ಅಂತ ಮೊದಲು ಅವರ ಕೇಳಿದ್ರು, ಅರ್ಥಕ್ಕ ಅದ ಸರಿ ಅಂತ. ಅದರಾಗೂ ಮೂಢ ಐತಲ್ಲ ಅಜ್ಜಾ ಅಂದೆ. ಸುಮ್ಮನಾದ್ರು. ಅವನ ಹೇಳಲಿ, ಅವನ ಮಾತ ಅಚ್ಚು ಹಾಕಿಸ್ರಿ ಅಂತ ಅವರ ಬಾಯಿಲೇ ಬಂತು.

200 ಪ್ರತಿಯಾಗ 130 ಹಂಚಿ ಹೋಗಿದ್ವು, 70 ಉಳಿದಿದ್ವು. ಪ್ರೆಸ್‌ನ್ಯಾಗ ಅದ ಅಕ್ಷರ, ಅದ ಸೈಜ್‌ನ್ಯಾಗ ತೆಳ್ಳನ ಪಟ್ಟಿ ಅಚ್ಚು ಮಾಡಿಸಿಕೊಂಡು ಬಂದೆ, 200 ಪೂರಾ. ಹಂಚಿದ ಮನಿಗೋಳಿಗೂ ಕಳಸಬೇಕಲ್ಲ. ಸಾಲು ಹಿಂಗ ಐತಿ: "ಹಿರೇಮಗನಿಗೆ ಅವ್ವನ್ನೂ ತರಬೇಕಿತ್ತು, ಎತ್ತೂ ಬಿಚ್ಚಬೇಕಿತ್ತು, ಯಾವ್ದು ಮೊದಲು ಅನ್ನೂದು ತಿಳೀದ ನಿಂತಾಗ ಕಿರೇಮಗ ಬಂದು ಅವ್ವನ್ನ ಹೊತ್ಕೊಂಡು ಹೋದ, ಹಿರೇಮಗ ಎತ್ತು ಬಿಚ್ಚಾಕ ಹೋದ." ಕೊನೀ ನಾಲ್ಕು ಶಬ್ದ ಮೊದಲಿನ ಸಾಲಿನ್ಯಾಗ ಇರಲೇ ಇಲ್ಲ. ಅವ ನಿಂತದ್ದು ಬರೆದಿದ್ವಿ, ಓಡಿದ್ದು ಬರೆದಿರಲಿಲ್ಲ. ಮಾಮಾ ಹೇಳಿ ಸೇರಿಸಿದ್ದು ಅದಷ್ಟ.

ಒಂದು ರವಿವಾರ ಪಡಸಾಲ್ಯಾಗ ಕುಂತು ಹಚ್ಚಿದ್ವಿ. ನಾ ಪುಟ ತೆಗದು ಕೊಡೂದು, ಸಣ್ಣ ಮಾಮಾ ಅಂಟು ಸವರೂದು, ದೊಡ್ಡ ಮಾಮಾ ಪಟ್ಟಿ ಇಟ್ಟು ಹೆಬ್ಬಟ್ಟಿಲೆ ಒತ್ತೂದು. ಭಾಳ ನಿಧಾನ ಒತ್ತತಿದ್ದ, ಒಂದೂ ಸೊಟ್ಟ ಆಗಲಿಲ್ಲ. ಎಪ್ಪತ್ತು ಮುಗಿದ ಮ್ಯಾಲೆ ಬಕ್ಕಣದಾಗಿಂದ ನಾಲ್ಕು ತಿಂಗಳಿಂದ ಮಡಚಿ ಇಟ್ಟಿದ್ದ ಆ ಹಾಳಿ ತಗದ, ಮಡಿಕಿ ಮ್ಯಾಲೆ ಅಕ್ಷರ ಸವದು ಹೋಗಿದ್ವು. ಅದನ್ನ ನೆಲದ ಮ್ಯಾಲೆ ಹರವಿ ತಮ್ಮನ ಕಡೆ ಸರಿಸಿ "ಇದಕ್ಕೂ ಒಂದು ಅಂಟು ಹಚ್ಚು" ಅಂದ.